ಹೊಡೆಯುವ ಕಾಯಿ ಕಾಣದಿದ್ದಾಗ ಯಾವ ನಡೆ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಚದುರಂಗದ ಬಗ್ಗೆ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹೆಚ್ಚಿನ ಪತ್ರಗಳು ಕೇಳುವುದು ಎರಡು ಸಂಗತಿ: ಪೊಸಿಷನಲ್ ಆಟವನ್ನು, ಅಂದರೆ ಕೂಡಲೇ ಹೊಡೆಯುವಂಥದ್ದು ಏನೂ ಇಲ್ಲದಾಗ ಕಾಯಿಗಳನ್ನು ಒಳ್ಳೆಯ ಮನೆಗಳಿಗೆ ತಂದು ಸಣ್ಣ ಸಣ್ಣ ಅನುಕೂಲಗಳನ್ನು ಕೂಡಿಸುವ ಆಟವನ್ನು, ಕಲಿಯುವುದು ಹೇಗೆ, ಮತ್ತು ನಮ್ಮೂರಿನಲ್ಲಿ ಜೊತೆಗೆ ಕೂತು ಆಡುವವರನ್ನು ಎಲ್ಲಿಂದ ತರುವುದು. ಇವು ಬೇರೆ ಬೇರೆ ಪ್ರಶ್ನೆಗಳೆಂದು ನನಗೆ ಅನಿಸುವುದಿಲ್ಲ. ನಿಧಾನವಾಗಿ ಆಡಿ, ಆಟ ಮುಗಿದ ಮೇಲೆ ಅದರ ಬಗ್ಗೆ ಮಾತನಾಡುವ ಜೊತೆಗಾರ ಸಿಗದವನಿಗೆ ಪೊಸಿಷನಲ್ ಆಟ ಓದಿ ತಿಳಿದ ವಿಷಯವಾಗಿಯೇ ಉಳಿದುಬಿಡುತ್ತದೆ.

ಪ್ರಶ್ನೆ: ದಿನವೂ ಮೊಬೈಲಿನಲ್ಲಿ ಚದುರಂಗದ ಸಮಸ್ಯೆಗಳನ್ನು ಬಿಡಿಸುತ್ತೇನೆ. ಎದುರಾಳಿ ಕಾಯಿ ಬಿಟ್ಟರೆ ತಪ್ಪದೆ ಹೊಡೆಯುತ್ತೇನೆ. ಆದರೆ ಇಬ್ಬರ ಕಾಯಿಗಳೂ ಭದ್ರವಾಗಿದ್ದು ಹೊಡೆಯುವಂಥದ್ದು ಏನೂ ಕಾಣದಿದ್ದಾಗ ಏನು ಆಡಬೇಕೆಂದೇ ತಿಳಿಯುವುದಿಲ್ಲ. ನನ್ನ ಒಂದು ಆಟದ ನಡೆಗಳನ್ನು ಬರೆದು ಕಳಿಸಿದ್ದೇನೆ; ಬಿಳಿ ಕಾಯಿಗಳು ನನ್ನವು. (ಸಹಕಾರಿ ಸಂಘದ ನೌಕರರು, ಗೋಕಾಕ)

ಉತ್ತರ: ನಡೆಗಳನ್ನು ಬರೆದಿಟ್ಟದ್ದು ಬಹಳ ಒಳ್ಳೆಯದಾಯಿತು; ಅದಿಲ್ಲದಿದ್ದರೆ ನಾನು ಬರೀ ಸಾಮಾನ್ಯ ಮಾತು ಹೇಳಿ ಮುಗಿಸಬೇಕಾಗುತ್ತಿತ್ತು. ನಿಮ್ಮದು ಕ್ವೀನ್ಸ್ ಗ್ಯಾಂಬಿಟ್‌ನ ಎಕ್ಸ್‌ಚೇಂಜ್ ಬಗೆಯ ಆರಂಭದ ಆಟ. (ಮನೆಗಳ ಹೆಸರಿನಲ್ಲಿ ಅಕ್ಷರ ಬಿಳಿಯವರ ಎಡದಿಂದ ಬಲಕ್ಕೆ ಎಣಿಸಿದ ಉದ್ದಸಾಲು, ಅಂಕೆ ಬಿಳಿಯವರ ಕಡೆಯಿಂದ ಎಣಿಸಿದ ಅಡ್ಡಸಾಲು.) ಡಿ4, ಸಿ4 ಎಂದು ಆರಂಭಿಸಿ ನಾಲ್ಕನೆಯ ನಡೆಯಲ್ಲಿ ಸಿ ಪ್ಯಾದೆಯಿಂದ ಡಿ5ರಲ್ಲಿ ಹೊಡೆದಿದ್ದೀರಿ, ಕಪ್ಪಿನವರು ಇ ಪ್ಯಾದೆಯಿಂದ ತಿರುಗಿ ಹೊಡೆದಿದ್ದಾರೆ. ಹತ್ತು ನಡೆ ಮುಗಿಯುವ ಹೊತ್ತಿಗೆ ಇಬ್ಬರೂ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಮಗ್ಗುಲಿಗೆ ಬರುವುದು) ಮಾಡಿಕೊಂಡಿದ್ದೀರಿ, ಯಾರ ಕಾಯಿಯೂ ಅಪಾಯದಲ್ಲಿಲ್ಲ. ಅಲ್ಲಿಂದ ಮುಂದೆ ಎಚ್ ಪ್ಯಾದೆಯನ್ನು ಒಂದು ಮನೆ ತಳ್ಳಿ, ರಾಜನನ್ನು ಮೂಲೆಗೆ ಸರಿಸಿ, ಆನೆಯನ್ನು ಡಿ1ಕ್ಕೆ ತಂದು, ಮತ್ತೆ ಅದೇ ಆನೆಯನ್ನು ಇ1ಕ್ಕೆ ಒಯ್ದಿದ್ದೀರಿ. ಇವುಗಳಲ್ಲಿ ಯಾವುದೂ ಕೆಟ್ಟ ನಡೆಯಲ್ಲ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಎದುರಾಳಿ ಏನಾದರೂ ಮಾಡಲಿ, ಆಮೇಲೆ ನೋಡೋಣ ಎಂಬ ನಡೆಗಳಿವು.

ಹತ್ತನೆಯ ನಡೆಯ ಸ್ಥಿತಿಯನ್ನು ಮತ್ತೊಮ್ಮೆ ಬೋರ್ಡಿನ ಮೇಲೆ ಜೋಡಿಸಿ, ಉಳಿದ ಕಾಯಿಗಳನ್ನೆಲ್ಲ ಮನಸ್ಸಿನಿಂದ ತೆಗೆದುಹಾಕಿ, ಪ್ಯಾದೆಗಳನ್ನು ಮಾತ್ರ ನೋಡಿ. ರಾಣಿಯ ಬದಿಯಲ್ಲಿ ನಿಮಗೆ ಎ ಮತ್ತು ಬಿ ಸಾಲಿನ ಎರಡು ಪ್ಯಾದೆಗಳಿವೆ. ಕಪ್ಪಿಗೆ ಎ7, ಬಿ7, ಸಿ6 ಎಂದು ಮೂರಿವೆ. ಸಿ ಸಾಲಿನಲ್ಲಿ ನಿಮ್ಮ ಪ್ಯಾದೆ ಇಲ್ಲದ್ದರಿಂದ ಅದು ನಿಮ್ಮ ಆನೆಗೆ ತೆರೆದಿದೆ. ಇ ಸಾಲು ಹಾಗೆಯೇ ಕಪ್ಪಿನ ಆನೆಗೆ ತೆರೆದಿದೆ. ಇಷ್ಟು ಕಂಡರೆ ಯೋಜನೆ ತಾನಾಗಿ ಹುಟ್ಟುತ್ತದೆ. ಒಂದು ಆನೆಯನ್ನು ಬಿ1ಕ್ಕೆ ತಂದು ಬಿ ಪ್ಯಾದೆಯನ್ನು ಬಿ4ಕ್ಕೆ, ಅಲ್ಲಿಂದ ಬಿ5ಕ್ಕೆ ತಳ್ಳುವುದೇ ಆ ಯೋಜನೆ. ಎರಡು ಪ್ಯಾದೆಗಳು ಮೂರರ ಮೇಲೆ ಏರಿ ಹೋಗುವುದರಿಂದ ಇದನ್ನು ಮೈನಾರಿಟಿ ಅಟ್ಯಾಕ್ ಎಂದು ಕರೆಯುತ್ತಾರೆ. ಕಡಿಮೆ ಇರುವವರು ಹೆಚ್ಚು ಇರುವವರ ಮೇಲೆ ಏಕೆ ಹೋಗಬೇಕು ಎಂದು ಮೊದಲ ಸಲ ಕೇಳಿದವರೆಲ್ಲ ಅನುಮಾನಿಸುತ್ತಾರೆ. ಬಿ5ರಲ್ಲಿ ನಿಮ್ಮ ಪ್ಯಾದೆ ನಿಂತಾಗ ಕಪ್ಪಿನ ಪಾಡನ್ನು ನೋಡಿ. ಅದು ಸುಮ್ಮನಿದ್ದರೆ ನೀವು ಸಿ6ರಲ್ಲಿ ಹೊಡೆಯುತ್ತೀರಿ, ಬಿ7ರ ಪ್ಯಾದೆ ತಿರುಗಿ ಹೊಡೆಯುತ್ತದೆ, ಸಿ6ರಲ್ಲಿ ಉಳಿದ ಪ್ಯಾದೆಗೆ ಪಕ್ಕದಿಂದ ಆಸರೆ ಕೊಡುವ ಇನ್ನೊಂದು ಪ್ಯಾದೆ ಇರುವುದಿಲ್ಲ. ಕಪ್ಪು ತಾನೇ ಬಿ5ರಲ್ಲಿ ಹೊಡೆದರೆ ಡಿ5ರ ಪ್ಯಾದೆ ಒಂಟಿಯಾಗುತ್ತದೆ. ಸಿ5ಕ್ಕೆ ತಳ್ಳಿ ತಪ್ಪಿಸಿಕೊಂಡರೆ ನೀವು ಡಿ ಪ್ಯಾದೆಯಿಂದ ಅದನ್ನು ಹೊಡೆಯುತ್ತೀರಿ, ಆಗಲೂ ಡಿ5 ಒಂಟಿಯೇ. ಯಾವ ದಾರಿ ಹಿಡಿದರೂ ಒಂದು ದೌರ್ಬಲ್ಯ ಉಳಿಯುತ್ತದೆ, ಮತ್ತು ಪ್ಯಾದೆ ಹಿಂದಕ್ಕೆ ನಡೆಯುವುದಿಲ್ಲವಾದ್ದರಿಂದ ಅದು ಆಟ ಮುಗಿಯುವವರೆಗೂ ಉಳಿಯುವ ದೌರ್ಬಲ್ಯ. ಮುಂದಿನ ಇಪ್ಪತ್ತು ನಡೆಗಳ ಕೆಲಸ ಇಲ್ಲಿಯೇ ನಿಶ್ಚಯವಾಯಿತು: ಆನೆಗಳು ಸಿ ಸಾಲಿಗೆ, ಕುದುರೆ ಎ4ರ ಮೂಲಕ ಸಿ5ಕ್ಕೆ, ರಾಣಿ ಅವುಗಳ ಹಿಂದೆ.

ಕಪ್ಪಿನವರು ಅಷ್ಟರವರೆಗೆ ಕೈಕಟ್ಟಿ ಕೂರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೆರೆದ ಇ ಸಾಲು ಅವರದು, ಇ4ರಲ್ಲಿ ಕುದುರೆ ಕೂರಿಸಿ ನಿಮ್ಮ ರಾಜನ ಕಡೆಗೆ ಕಾಯಿಗಳನ್ನು ತಿರುಗಿಸುವುದು ಅವರ ಸಹಜವಾದ ಮಾರ್ಗ. ಕೆಲವರು ಎ5 ಆಡಿ ನಿಮ್ಮ ಬಿ4ನ್ನೇ ತಡವಾಗಿಸುತ್ತಾರೆ. ಅವರಿಗೊಂದು ತೊಡಕೂ ಇದೆ. ಸಿ8ರ ಒಂಟೆ ಬಿಳಿ ಮನೆಗಳಲ್ಲಿ ಓಡಾಡುವಂಥದ್ದು, ಅವರ ಸಿ6 ಮತ್ತು ಡಿ5ರ ಪ್ಯಾದೆಗಳು ನಿಂತಿರುವುದೂ ಬಿಳಿ ಮನೆಗಳ ಮೇಲೆಯೇ, ಹಾಗಾಗಿ ಅದಕ್ಕೆ ತನ್ನವರೇ ಅಡ್ಡ. ನೀವೋ ಜಿ5ಕ್ಕೆ ಒಂಟೆಯನ್ನು ಹೊರತಂದ ಮೇಲೆ ಇ3 ಆಡಿದ್ದೀರಿ. ಈ ಕ್ರಮವನ್ನು ಉರು ಹೊಡೆದು ಆಡಿದ್ದೀರೋ ತಿಳಿದು ಆಡಿದ್ದೀರೋ ನನಗೆ ಗೊತ್ತಿಲ್ಲ, ಕಾರಣ ಮಾತ್ರ ಇದು: ಮೊದಲು ಇ3 ಆಡಿದ್ದರೆ ಕಪ್ಪು ಮನೆಗಳ ಆ ಒಂಟೆ ನಿಮ್ಮದೇ ಪ್ಯಾದೆಗಳ ಹಿಂದೆ ಸಿಕ್ಕಿಕೊಳ್ಳುತ್ತಿತ್ತು.

ಇದಿಷ್ಟನ್ನು ಒಂದು ಅಭ್ಯಾಸವಾಗಿ ಹೇಳುವುದಾದರೆ, ಹೊಡೆತ ಕಾಣದ ಪ್ರತಿ ಸ್ಥಿತಿಯಲ್ಲಿಯೂ ಮೊದಲು ಪ್ಯಾದೆಗಳ ರಚನೆಯನ್ನು ಓದಿ, ಬಳಿಕ ನಿಮ್ಮ ಕಾಯಿಗಳಲ್ಲಿ ಅತ್ಯಂತ ಕಡಿಮೆ ಕೆಲಸ ಮಾಡುತ್ತಿರುವುದು ಯಾವುದು ಎಂದು ಕೇಳಿಕೊಳ್ಳಿ. ನಾಲ್ಕೆತ್ತಿನ ಒಕ್ಕಲಿಗ ಒಂದೆತ್ತನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಿ ಉಳುಮೆಗೆ ಹೋಗುವುದಿಲ್ಲ, ಆದರೆ ಎ1ರ ಆನೆಯನ್ನು ಆಟದ ಕೊನೆಯವರೆಗೂ ಅಲ್ಲಿಯೇ ಮರೆತವರನ್ನು ನಾನು ದಿನವೂ ನೋಡುತ್ತೇನೆ. ಆ ಕಾಯಿಗೆ ಒಳ್ಳೆಯ ಮನೆ ಯಾವುದು ಎಂದು ಹುಡುಕಿ, ಅಲ್ಲಿಗೆ ಹೋಗಲು ಎರಡು ಮೂರು ನಡೆ ಹಿಡಿದರೂ ಒಯ್ಯಿರಿ. ಅದಕ್ಕೂ ಮುಂಚೆ, ಎದುರಾಳಿಗೆ ಈಗ ಸಾಲಾಗಿ ಎರಡು ನಡೆ ಸಿಕ್ಕರೆ ಅವರು ಏನು ಮಾಡುತ್ತಿದ್ದರು ಎಂದು ಒಮ್ಮೆ ನೋಡಿಕೊಳ್ಳಿ. ಅವರ ಒಳ್ಳೆಯ ಯೋಜನೆಯನ್ನು ಮೊದಲೇ ತಡೆಯುವ ಸಣ್ಣ ನಡೆ ಎಷ್ಟೋ ಸಲ ನಿಮ್ಮ ದೊಡ್ಡ ಯೋಜನೆಗಿಂತ ಬೆಲೆಯುಳ್ಳದ್ದು. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟೈಗ್ರಾನ್ ಪೆಟ್ರೋಸಿಯನ್ ಇಂಥ ತಡೆಯುವ ನಡೆಗಳಿಗೇ ಹೆಸರಾದವರು.

ಈ ಬಗೆಯ ಆಟಕ್ಕೆ ಒಂದು ಶಾಸ್ತ್ರದ ರೂಪ ಬಂದದ್ದು ವಿಲ್ಹೆಲ್ಮ್ ಸ್ಟೈನಿಟ್ಸ್ ಅವರ ಕಾಲದಲ್ಲಿ. 1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ಅವರು ಯೌವನದಲ್ಲಿ ಎಲ್ಲರಂತೆ ರಾಜನ ಮೇಲೆ ಏರಿ ಹೋಗುವ ಆಟಗಾರರೇ ಆಗಿದ್ದರು. ಆಮೇಲೆ ಅವರು ಕಂಡುಕೊಂಡ ಮಾತು ಈಗ ಸಾಧಾರಣವೆನಿಸುತ್ತದೆ, ಆಗ ಅದನ್ನು ಒಪ್ಪಿದವರು ಕಡಿಮೆ: ಸಣ್ಣ ಸಣ್ಣ ಅನುಕೂಲಗಳನ್ನು ಕೂಡಿಸಿಕೊಂಡ ಮೇಲೆ ಮಾತ್ರ ದಾಳಿ ಫಲಿಸುತ್ತದೆ, ಸಮಬಲದ ಸ್ಥಿತಿಯಲ್ಲಿ ಅವಸರದಿಂದ ಮಾಡಿದ ದಾಳಿಯನ್ನು ಸರಿಯಾಗಿ ಎದುರಿಸಿದರೆ ಅದು ವಿಫಲವಾಗಲೇಬೇಕು.

ಪ್ರಶ್ನೆ: ಪೊಸಿಷನಲ್ ಆಟ ಕಲಿಯಲು ಎಷ್ಟು ಓಪನಿಂಗ್‌ಗಳನ್ನು (ಆಟದ ಆರಂಭದ ಗೊತ್ತಾದ ನಡೆಗಳನ್ನು) ಬಾಯಿಪಾಠ ಮಾಡಬೇಕು? (ಪದವಿ ವಿದ್ಯಾರ್ಥಿ, ಜಮಖಂಡಿ)

ಉತ್ತರ: ಬಾಯಿಪಾಠ ಬೇಡ. ಬಿಳಿ ಕಾಯಿಗೆ ಒಂದು, ಕಪ್ಪು ಕಾಯಿಗೆ ಇ4 ಮತ್ತು ಡಿ4ರ ವಿರುದ್ಧ ಒಂದೊಂದು ಇಟ್ಟುಕೊಂಡು, ಅವುಗಳಿಂದ ಹುಟ್ಟುವ ಪ್ಯಾದೆ ರಚನೆಯನ್ನು ಅರ್ಥಮಾಡಿಕೊಳ್ಳಿ. ಫ್ರೆಂಚ್ ಡಿಫೆನ್ಸ್‌ನಲ್ಲಿ ಇ4ಕ್ಕೆ ಇ6, ಡಿ4ಕ್ಕೆ ಡಿ5 ಆಡಿದ ಮೇಲೆ ಬಿಳಿಯವರು ಇ5ಕ್ಕೆ ತಳ್ಳಿದರು ಎಂದುಕೊಳ್ಳಿ. ಹದಿನೈದು ನಡೆ ಕಂಠಪಾಠ ಮಾಡಿದವನು ಎದುರಾಳಿ ದಾರಿ ತಪ್ಪಿದೊಡನೆ ತಾನೂ ತಪ್ಪುತ್ತಾನೆ. ಬಿಳಿಯ ಪ್ಯಾದೆ ಸರಪಳಿಯ ಬುಡ ಡಿ4ರಲ್ಲಿದೆ, ಆದ್ದರಿಂದ ಸಿ5 ಆಡಿ ಬುಡಕ್ಕೇ ಹೊಡೆಯಬೇಕು ಎಂದು ತಿಳಿದವನು ಏನನ್ನೂ ನೆನಪಿಟ್ಟುಕೊಳ್ಳದೆ ಸರಿಯಾದ ನಡೆಗೆ ಬರುತ್ತಾನೆ.

ಪ್ರಶ್ನೆ: ನಮ್ಮ ಅಜ್ಜನವರು ಹಳೆಯ ದೇಶಿ ಪದ್ಧತಿಯಲ್ಲಿ ಆಡುತ್ತಾರೆ. ಪ್ಯಾದೆ ಮೊದಲ ನಡೆಯಲ್ಲಿಯೂ ಒಂದೇ ಮನೆ, ಕ್ಯಾಸ್ಲಿಂಗ್ ಇಲ್ಲ, ಅದರ ಬದಲು ರಾಜ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದು. ಮಗ ಎರಡೂ ಪದ್ಧತಿಗಳಲ್ಲಿ ಆಡಿದರೆ ಅವನ ಆಟ ಕೆಡುವುದಿಲ್ಲವೆ? (ಗೃಹಿಣಿ, ಅಥಣಿ)

ಉತ್ತರ: ಕೆಡುವುದಿಲ್ಲ, ದಯವಿಟ್ಟು ಅಜ್ಜ ಮೊಮ್ಮಗನ ಆಟವನ್ನು ನಿಲ್ಲಿಸಬೇಡಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ಬಗೆಯ ಭಾರತೀಯ ಪದ್ಧತಿಯಲ್ಲಿ ಆಟ ಕಲಿತು, ಅಂತರರಾಷ್ಟ್ರೀಯ ನಿಯಮಗಳನ್ನು ಆಮೇಲೆ ರೂಢಿಸಿಕೊಂಡವರು. 1929ರಲ್ಲಿ ಇಂಗ್ಲೆಂಡಿಗೆ ಹೋದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು 60 ನಡೆಗಳನ್ನು ಮೀರಿದ ಆಟದಲ್ಲಿ ಸೋಲಿಸಿದರು, ಅದೂ ಮಿಂಚಿನ ಹೊಡೆತದಿಂದಲ್ಲ, ಎದುರಾಳಿಯ ಕಾಯಿಗಳಿಗೆ ಜಾಗವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ. ಅವರ ಓಪನಿಂಗ್ ದುರ್ಬಲ, ಆಟದ ನಡುಭಾಗ ಮತ್ತು ಕೊನೆಯ ಭಾಗ ಅಪಾರ ಬಲವುಳ್ಳವು ಎಂದು ಆಗಿನ ಆಟಗಾರರೆಲ್ಲ ಒಪ್ಪಿದ್ದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ.

ಪ್ಯಾದೆ ಒಂದೊಂದೇ ಮನೆ ಮುಂದೆ ಹೋಗುವ ಆಟದಲ್ಲಿ ಸೇನೆಗಳು ಎದುರಾಗಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕಾಯಿಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬ ವಿಚಾರವೇ ಮುಖ್ಯವಾಗುತ್ತದೆ. ಹುಡುಗನಿಗೆ ಬೇಕಾದ ತಾಳ್ಮೆಯ ಪಾಠ ಅಲ್ಲಿ ಮನೆಯಲ್ಲಿಯೇ ಸಿಗುತ್ತಿದೆ. ಪಂದ್ಯಾವಳಿಗೆ ಹೋಗುವ ಮುನ್ನ ಮಾತ್ರ ಕ್ಯಾಸ್ಲಿಂಗ್, ಆಂಪಾಸಾಂ (ಎರಡು ಮನೆ ನಡೆದು ನಮ್ಮ ಪ್ಯಾದೆಯ ಪಕ್ಕಕ್ಕೆ ಬಂದ ಎದುರಾಳಿಯ ಪ್ಯಾದೆಯನ್ನು, ಅದು ಒಂದೇ ಮನೆ ಬಂದಂತೆ ಮರುನಡೆಯಲ್ಲಿಯೇ ಹೊಡೆಯುವುದು) ಮತ್ತು ಪ್ಯಾದೆಯ ಎರಡು ಮನೆ ನಡೆಯನ್ನು ಇನ್ನೊಮ್ಮೆ ಆಡಿಸಿ ನೋಡಿ. ಸಾಧ್ಯವಾದರೆ ಅಜ್ಜನವರಿಗೂ ಈ ನಿಯಮಗಳನ್ನು ಮೊಮ್ಮಗನಿಂದಲೇ ಹೇಳಿಸಿ. ಹಳಬರನ್ನು ಊರಿನ ಪಂದ್ಯಗಳಿಂದ ದೂರ ಇಟ್ಟಿರುವುದು ಹೆಚ್ಚಾಗಿ ಈ ಎರಡು ಮೂರು ನಿಯಮಗಳೇ.

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ರೇಟಿಂಗ್ (ಆಟಗಾರರ ಬಲವನ್ನು ಅಳೆಯುವ ಅಂಕ) 1800 ಆಗುವವರೆಗೆ ಪೊಸಿಷನಲ್ ಆಟದ ಗೊಡವೆ ಬೇಡ, ಟ್ಯಾಕ್ಟಿಕ್ಸ್ (ಎರಡು ಮೂರು ನಡೆಗಳ ಹೊಡೆತದ ಲೆಕ್ಕ) ಮಾತ್ರ ಸಾಕು ಎಂದು ಅವಳ ತರಬೇತುದಾರರು ಹೇಳುತ್ತಾರೆ. ಮುಂದಿನ ವರ್ಷ ಎಸ್ಎಸ್ಎಲ್‌ಸಿ ಇರುವುದರಿಂದ ಆಟವನ್ನೇ ಬಿಡಿಸಿ ಎಂದು ಮನೆಯ ಹಿರಿಯರ ಒತ್ತಾಯ. ತರಬೇತಿಯ ಫೀಸೂ ನಮಗೆ ಭಾರ. (ತಾಯಿ, ವಿಜಯಪುರ)

ಉತ್ತರ: ತರಬೇತುದಾರರ ಮಾತಿನಲ್ಲಿ ಅರ್ಧ ನಿಜವಿದೆ. ಎರಡು ನಡೆಯ ಹೊಡೆತ ಕಾಣದ ಮಗುವಿಗೆ ಪ್ಯಾದೆ ರಚನೆಯ ಪಾಠ ಹೇಳಿದರೆ, ಸುಂದರವಾದ ಸ್ಥಿತಿಯನ್ನು ಕಟ್ಟಿ ಕೊನೆಗೆ ರಾಣಿಯನ್ನು ಬಿಟ್ಟುಕೊಡುತ್ತದೆ. ಆದರೆ 1800 ಎಂಬ ಗೆರೆ ಬಹಳ ದೂರದ್ದು. ಫಿಡೆ ರೇಟಿಂಗ್ ಪಟ್ಟಿ 2024ರ ಮಾರ್ಚ್‌ನಿಂದ 1400ಕ್ಕೆ ಆರಂಭವಾಗುತ್ತದೆ. ಪಟ್ಟಿಗೆ ಸೇರಿದವರಲ್ಲಿಯೇ ಅನೇಕರು 1800ನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಅಲ್ಲಿಯವರೆಗೆ ತೆರೆದ ಸಾಲಿಗೆ ಆನೆ ತರಬೇಕೆಂಬುದನ್ನೂ, ಪ್ಯಾದೆಗಳು ಓಡಿಸಲಾರದ ಮನೆಯಲ್ಲಿ ಕುದುರೆಯನ್ನು ಕೂರಿಸಬೇಕೆಂಬುದನ್ನೂ ಹೇಳಿಕೊಡದೆ ಇರುವುದು ಸರಿಯಲ್ಲ. ಟ್ಯಾಕ್ಟಿಕ್ಸ್ ಎಂಬುದು ಎಲ್ಲಿಂದಲೋ ಉದುರುವುದೂ ಇಲ್ಲ. ಒಳ್ಳೆಯ ಮನೆಗಳಲ್ಲಿ ನಿಂತ ಕಾಯಿಗಳಿಗೇ ಹೊಡೆತದ ಅವಕಾಶ ಬರುವುದು, ಮಗಳಿಗೆ ಇದನ್ನು ಅವಳದೇ ಆಟಗಳಲ್ಲಿ ತೋರಿಸಬಹುದು: ಅವಳು ಗೆದ್ದ ಹೊಡೆತಕ್ಕಿಂತ ಐದು ನಡೆ ಹಿಂದೆ ಹೋಗಿ, ಆ ಕಾಯಿಗಳು ಅಲ್ಲಿಗೆ ಹೇಗೆ ಬಂದವು ಎಂದು ಅವಳನ್ನೇ ಕೇಳಿ.

ಫೀಸಿನ ಬಗ್ಗೆ: ಲಿಚೆಸ್ ಎಂಬ ಜಾಲತಾಣ ಸಂಪೂರ್ಣ ಉಚಿತ, ಜಾಹೀರಾತುಗಳೂ ಇಲ್ಲ. ಸಮಸ್ಯೆಗಳು, ಎಂಡ್‌ಗೇಮ್ (ಆಟದ ಕೊನೆಯ ಭಾಗ) ಅಭ್ಯಾಸ, ಆಡಿದ ಆಟದ ವಿಶ್ಲೇಷಣೆ ಎಲ್ಲವೂ ಅಲ್ಲಿವೆ. ತರಬೇತಿಯನ್ನು ತಿಂಗಳಿಗೆ ಎರಡು ತರಗತಿಗೆ ಇಳಿಸಿ, ಆ ತರಗತಿಗಳಿಗೆ ಅವಳು ತಾನು ಸೋತ ಆಟಗಳನ್ನು ಬರೆದುಕೊಂಡು ಹೋಗಲಿ.

ಎಸ್ಎಸ್ಎಲ್‌ಸಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಅದೇ ಪರೀಕ್ಷೆ ಬರೆಯುವ ಗಂಡುಹುಡುಗರಿಗೆ ಒಂದು ವರ್ಷದ ವಿರಾಮ, ಹೆಣ್ಣುಮಕ್ಕಳಿಗೆ ಶಾಶ್ವತ ನಿವೃತ್ತಿ ಎಂಬ ಪದ್ಧತಿ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಕೋನೇರು ಹಂಪಿ 2002ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ 15 ವರ್ಷ. 2025ರಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್ಲಿನಲ್ಲಿ ಅದೇ ಹಂಪಿಯವರನ್ನು ಸೋಲಿಸಿ ಗ್ರ್ಯಾಂಡ್‌ಮಾಸ್ಟರ್ ಆದ ದಿವ್ಯಾ ದೇಶ್‌ಮುಖ್ ನಾಗಪುರದವರು. ಆಗ ಅವರಿಗೆ 19. ನಿಮ್ಮ ಮಗಳು ಆ ಎತ್ತರಕ್ಕೆ ಹೋಗಬೇಕೆಂದು ಇದನ್ನು ಹೇಳುತ್ತಿಲ್ಲ. ಪರೀಕ್ಷೆಯ ವರ್ಷದಲ್ಲಿ ಪಂದ್ಯಾವಳಿಗಳನ್ನು ಬಿಟ್ಟು, ವಾರಕ್ಕೆ ಒಂದೇ ಒಂದು ನಿಧಾನದ ಆಟವನ್ನು ಭಾನುವಾರ ಆಡಲಿ. ಅದರಿಂದ ಅಂಕ ಕಡಿಮೆಯಾಗುವುದಿಲ್ಲ, ಆಟದ ದಾರಿಯೂ ಮುಚ್ಚುವುದಿಲ್ಲ ಎಂದು ಹಿರಿಯರಿಗೆ ತಿಳಿಸಿ ಹೇಳಿ.

ಪ್ರಶ್ನೆ: ಪೊಸಿಷನಲ್ ಆಟ ಬೇಸರದ್ದು, ಎಲ್ಲ ಡ್ರಾ ಆಗುತ್ತವೆ ಎಂದು ಗೆಳೆಯರು ನಗುತ್ತಾರೆ. (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡಿದ 14ನೆಯ ಆಟವನ್ನು ಅವರಿಗೆ ತೋರಿಸಿ. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು, ಗುಕೇಶ್ ಒಂದು ಪ್ಯಾದೆ ಮುಂದಿದ್ದರು. ಡ್ರಾ ಆಗುತ್ತದೆ ಎಂದು ನೋಡುವವರೆಲ್ಲ ಎದ್ದು ಹೋಗುವ ಹೊತ್ತು ಅದು. ಗುಕೇಶ್ ಅಪಾಯವಿಲ್ಲದೆ ಒತ್ತಡ ಹಾಕುತ್ತಲೇ ಹೋದರು, 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳನ್ನು ಬದಲಾಯಿಸಿಕೊಂಡ ಕೂಡಲೇ ಮೂಲೆಯಲ್ಲಿದ್ದ ಡಿಂಗ್ ಅವರ ಬಿಳಿ ಒಂಟೆಗೆ ಎದುರಾಗಿ ತಮ್ಮ ಒಂಟೆಯನ್ನು ಡಿ5ಕ್ಕೆ ತಂದು ಅದನ್ನೂ ಬದಲಾಯಿಸಿಕೊಳ್ಳಲು ಗುಕೇಶ್‌ಗೆ ಸಾಧ್ಯವಾಯಿತು. ಉಳಿದದ್ದು ರಾಜ ಮತ್ತು ಪ್ಯಾದೆಗಳ ಗೆಲ್ಲುವ ಎಂಡ್‌ಗೇಮ್. 7.5-6.5 ಅಂಕಗಳಿಂದ 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಅಲ್ಲಿ ಕಡೆಗೂ ಒಂದು ತಪ್ಪು ನಡೆಯಿಂದ ಗೆಲುವು ಬಂತಲ್ಲ ಎಂದು ಗೆಳೆಯರು ವಾದಿಸಬಹುದು. ಹೌದು, ಆದರೆ ಆ ತಪ್ಪು ಆಗುವವರೆಗೆ ಗಂಟೆಗಟ್ಟಲೆ ಎದುರಾಳಿಯನ್ನು ಕೂರಿಸಿಟ್ಟದ್ದು ಆ ಒಂದು ಪ್ಯಾದೆಯ ಸಣ್ಣ ಅನುಕೂಲವೇ.

ಇನ್ನೂ ನಗುವವರಿದ್ದರೆ 1953ರ ಜ್ಯೂರಿಕ್ ಪಂದ್ಯಾವಳಿಯಲ್ಲಿ ರೆಶೆವ್ಸ್ಕಿ ವಿರುದ್ಧ ಪೆಟ್ರೋಸಿಯನ್ ಆಡಿದ 25ನೆಯ ನಡೆಯನ್ನು ತೋರಿಸಿ. ಯಾವ ಬಲವಂತವೂ ಕಾಣದಿರುವಾಗ ಆನೆಯನ್ನು ಇ6ರಲ್ಲಿ, ಎದುರಾಳಿಯ ಒಂಟೆ ಹೊಡೆಯಬಹುದಾದ ಮನೆಯಲ್ಲಿ ಇಟ್ಟರು. ಕಾರಣ, ಅವರ ಕುದುರೆಗೆ ಇ7ರ ಮೂಲಕ ಡಿ5ಕ್ಕೆ ಹೋಗಿ ಬಿಳಿಯ ಪ್ಯಾದೆಗಳನ್ನು ತಡೆದು ನಿಲ್ಲಿಸಲು ದಾರಿ ಬೇಕಿತ್ತು. ಆ ಆಟ ಡ್ರಾ ಆಯಿತು, ನಿಜ. ಅಂಥ ಡ್ರಾ ಆಡಲು ಬಂದರೆ ನಿಮ್ಮ ಗೆಳೆಯರು ಬೇಸರದ ಮಾತೇ ಎತ್ತುವುದಿಲ್ಲ.

ಪ್ರಶ್ನೆ: ನಿವೃತ್ತಿಯ ನಂತರ ಊರಿನ ಗ್ರಂಥಾಲಯದಲ್ಲಿ ಚದುರಂಗದ ಗುಂಪು ಕಟ್ಟಲು ಪ್ರಯತ್ನಿಸುತ್ತಿದ್ದೇನೆ. ಪಂದ್ಯ ಇಟ್ಟ ದಿನ ಜನ ತುಂಬುತ್ತಾರೆ, ಮುಂದಿನ ವಾರ ನಾಲ್ಕೈದು ಮಂದಿ ಮಾತ್ರ. ಹೆಚ್ಚು ಜನ ನಿಲ್ಲುವಂತೆ ಏನು ಮಾಡಬಹುದು? (ನಿವೃತ್ತ ಮಾಸ್ತರರು, ಗುಳೇದಗುಡ್ಡ)

ಉತ್ತರ: ಗುರುಗಳೆ, ನೀವು ಕಳಿಸಿದ ಕರಪತ್ರದಲ್ಲಿಯೇ ಒಂದು ಕಾರಣ ಸಿಕ್ಕಿತು. ಪಂದ್ಯ ನಾಕೌಟ್ ಮಾದರಿಯದು. 32 ಮಂದಿ ಬಂದರೆ ಮೊದಲ ಸುತ್ತಿನಲ್ಲಿಯೇ 16 ಮಂದಿ ಮನೆಗೆ ಹೋಗುತ್ತಾರೆ, ಅವರಲ್ಲಿ ಹೆಚ್ಚಿನವರು ಹೊಸದಾಗಿ ಕಲಿತವರು, ಅಂದರೆ ಯಾರು ಉಳಿಯಬೇಕೆಂದು ನೀವು ಬಯಸುತ್ತೀರೋ ಅವರೇ. ಇಡೀ ದಿನದಲ್ಲಿ ನಡೆಯುವುದು 31 ಆಟ. ಸ್ವಿಸ್ ಪದ್ಧತಿಯಲ್ಲಿ ಅದೇ 32 ಮಂದಿಗೆ 5 ಸುತ್ತು ಇಟ್ಟರೆ ಒಟ್ಟು 80 ಆಟ ನಡೆಯುತ್ತವೆ, ಎಲ್ಲರೂ ಐದೂ ಸುತ್ತು ಆಡುತ್ತಾರೆ. ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕ ಇರುವವರನ್ನು ಎದುರುಬದುರು ಕೂರಿಸಬೇಕು, ಒಮ್ಮೆ ಆಡಿದ ಜೋಡಿಯನ್ನು ಮತ್ತೆ ಕೂರಿಸಬಾರದು, ಬೆಸ ಸಂಖ್ಯೆಯಾದರೆ ಉಳಿದ ಒಬ್ಬರಿಗೆ ಆ ಸುತ್ತಿನ ಅಂಕವನ್ನು ಕೊಡಬೇಕು. ಮೊದಲ ಎರಡು ಸುತ್ತು ಸೋತವನಿಗೆ ಮೂರನೆಯ ಸುತ್ತಿನಲ್ಲಿ ತನ್ನಂಥವನೇ ಸಿಗುವುದರಿಂದ ಅವನೂ ಒಂದು ಗೆಲುವನ್ನು ಕಟ್ಟಿಕೊಂಡು ಮನೆಗೆ ಹೋಗುವ ಸಾಧ್ಯತೆ ಹೆಚ್ಚು. ಐದೂ ಆಟ ಗೆದ್ದವರು 32ರಲ್ಲಿ ಒಬ್ಬರಿಗಿಂತ ಹೆಚ್ಚು ಇರಲು ಸಾಧ್ಯವಿಲ್ಲವಾದ್ದರಿಂದ ಪ್ರಥಮ ಸ್ಥಾನಕ್ಕೆ ಗೊಂದಲವೂ ಕಡಿಮೆ. ಜೋಡಿ ಮಾಡಲು ಕಂಪ್ಯೂಟರ್ ಬೇಕೇ ಬೇಕೆಂದಿಲ್ಲ. ಒಬ್ಬೊಬ್ಬರ ಹೆಸರಿನ ಚೀಟಿಯಲ್ಲಿ ಅಂಕ ಮತ್ತು ಎದುರಾಳಿಗಳನ್ನು ಬರೆಯುತ್ತ ಹೋದರೆ ಸಾಕು.

ಎರಡನೆಯ ಕಾರಣ ಬಹುಮಾನ. ಮೊದಲ ಮೂವರಿಗೆ ದೊಡ್ಡ ಮೊತ್ತ ಕೊಟ್ಟರೆ ಹುಬ್ಬಳ್ಳಿ, ಸೊಲ್ಲಾಪುರದ ಕಡೆಯಿಂದ ರೇಟಿಂಗ್ ಇರುವವರು ಬಂದು ಹಣ ತೆಗೆದುಕೊಂಡು ಹೋಗುತ್ತಾರೆ, ಊರಿನವರು ನೋಡುತ್ತ ನಿಲ್ಲುತ್ತಾರೆ. ಆ ಹಣದಲ್ಲಿ ಬೋರ್ಡುಗಳನ್ನು ಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಜಾಗವಿದೆ, ಮೇಜುಗಳಿವೆ, ಸಂಜೆಯ ಬೆಳಕಿದೆ. ಪಕ್ಕದ ಹಳ್ಳಿಗಳಲ್ಲಿಯೂ ಎರಡು ಮೂರು ಬೋರ್ಡ್ ಇಟ್ಟು, ತಿಂಗಳಿಗೊಮ್ಮೆ ಹಳ್ಳಿ ಹಳ್ಳಿಗಳ ನಡುವೆ ತಂಡದ ಪಂದ್ಯ ನಡೆಸಿ. ಒಲಿಂಪಿಯಾಡ್‌ನಲ್ಲಿ ಇರುವಂತೆಯೇ ನಾಲ್ಕು ಬೋರ್ಡಿನ ತಂಡ ಇರಲಿ, ಅದರಲ್ಲಿ ಒಬ್ಬರು ಹುಡುಗಿ ಅಥವಾ ಮಹಿಳೆ, ಒಬ್ಬರು 60 ದಾಟಿದವರು ಇರಲೇಬೇಕೆಂಬ ನಿಯಮ ಮಾಡಿ. ತಂಡಕ್ಕೆ ಬೇಕಾದಾಗ ಜನ ತಾವೇ ಹುಡುಕಿಕೊಂಡು ಬಂದು ಕಲಿಸುತ್ತಾರೆ, ನೀವು ಭಾಷಣ ಮಾಡಬೇಕಾಗುವುದಿಲ್ಲ. ನಿಮ್ಮೂರಿನಲ್ಲಿ ಮಗ್ಗದ ಕೆಲಸದವರು ಬಹಳ ಇರುವುದರಿಂದ ಸಂಜೆಯ ಹೊತ್ತನ್ನು ಅವರನ್ನು ಕೇಳಿ ಗೊತ್ತುಮಾಡಿ. ಮಹಿಳೆಯರಿಗೆ ಆ ಹೊತ್ತು ಅಡುಗೆಯ ಹೊತ್ತಾಗುತ್ತದೆ, ಆದ್ದರಿಂದ ವಾರದಲ್ಲಿ ಒಂದು ಮಧ್ಯಾಹ್ನವೂ ಬಾಗಿಲು ತೆರೆದಿರಲಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ವಾರದ ಆಟಕ್ಕೆ ಒಬ್ಬೊಬ್ಬರಿಗೆ ಕನಿಷ್ಠ 30 ನಿಮಿಷ ಕೊಡಿ, ಇಬ್ಬರೂ ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಟ ಮುಗಿದ ಮೇಲೆ ಗಡಿಯಾರ ನಿಲ್ಲಿಸಿ ಇಬ್ಬರೂ ಅದೇ ಬೋರ್ಡಿನ ಮೇಲೆ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ ಹತ್ತು ನಿಮಿಷ ಮಾತನಾಡಲಿ. ನಮ್ಮ ಕಟ್ಟೆಗಳ ಮೇಲೆ ಆಟ ನಡೆದಾಗ ಸುತ್ತ ನಿಂತವರು "ಏ ಕಾಕಾ, ಯಾಕ ಸುಮ್ನ ಕುಂತೀರಿ, ಕುದುರಿ ಹೊಡೀರಲ್ಲ" ಎಂದು ಆಡುವವರ ತಲೆ ತಿನ್ನುವುದು ನಿಮಗೆ ಗೊತ್ತೇ ಇದೆ. ಅವರನ್ನು ಓಡಿಸಬೇಡಿ. ಆಟ ನಡೆಯುವಾಗ ಬಾಯಿ ಮುಚ್ಚಿಕೊಂಡಿದ್ದು ಈ ಹತ್ತು ನಿಮಿಷದಲ್ಲಿ ಬೇಕಾದಷ್ಟು ಹೇಳಬಹುದು ಎಂಬ ಒಂದೇ ನಿಯಮ ಇರಲಿ. ಆ ಕುದುರೆಯನ್ನು ಹೊಡೆದಿದ್ದರೆ ಏನಾಗುತ್ತಿತ್ತು, ಹೊಡೆಯದೆ ಒಂಟೆಯನ್ನು ಉಳಿಸಿಕೊಂಡದ್ದು ಏಕೆ ಒಳ್ಳೆಯದಾಯಿತು ಎಂಬ ಚರ್ಚೆಯಲ್ಲಿ ಗೋಕಾಕದ ಓದುಗರು ಕೇಳಿದ ಪೊಸಿಷನಲ್ ಆಟದ ಪಾಠ ಯಾವ ಫೀಸೂ ಇಲ್ಲದೆ ನಡೆದುಹೋಗುತ್ತದೆ. ನಿಂತು ನೋಡುವವನು ಮುಂದಿನ ವಾರ ಕೂತು ಆಡುವವನಾಗುವುದೂ ಇಲ್ಲಿಯೇ.

ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್ ಕುಮಾರ್, ಅದೂ 2017ರಲ್ಲಿ. ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಚೆನ್ನೈನ ವಿಶ್ವನಾಥನ್ ಆನಂದ್ ಆ ಪದವಿ ಪಡೆದದ್ದು 1988ರಲ್ಲಿ. ಚೆನ್ನೈಗೂ ನಮಗೂ ನಡುವೆ ಇಷ್ಟು ವರ್ಷಗಳ ಅಂತರ ಬಂದದ್ದು ಬುದ್ಧಿಯ ಕೊರತೆಯಿಂದಲ್ಲ. ವಾರ ವಾರವೂ ತೆರೆದಿರುವ ಆಟದ ಕೋಣೆಗಳು ಅಲ್ಲಿ ಮೊದಲೇ ಇದ್ದವು.

ಪ್ರಶ್ನೆ: ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ಆಡಿದರೆ ಪ್ರಯೋಜನವಿಲ್ಲವೆ? (ಅಂಗಡಿ ಮಾಲೀಕರು, ಇಳಕಲ್)

ಉತ್ತರ: ಗಿರಾಕಿ ಇಲ್ಲದ ಹೊತ್ತಿನಲ್ಲಿ ಆಡಿಕೊಳ್ಳಿ, ಅದರಲ್ಲಿ ಖುಷಿಯಿದೆ. ಆದರೆ ಮೂರು ನಿಮಿಷದಲ್ಲಿ ಕೈ ಆಡುವುದು ಈಗಾಗಲೇ ಗೊತ್ತಿರುವುದನ್ನೇ. ಹೊಸದನ್ನು ಕಲಿಯಲು ವಾರಕ್ಕೆ ಒಂದಾದರೂ ಅರ್ಧ ಗಂಟೆಯ ಆಟ ಬೇಕು, ಕಂಪ್ಯೂಟರ್ ವಿಶ್ಲೇಷಣೆಯನ್ನು ತೆರೆಯುವ ಮುನ್ನ ಆಟದ ಯಾವ ಹೊತ್ತಿನಲ್ಲಿ ಸ್ಥಿತಿ ಕೆಟ್ಟಿತು ಎಂಬುದನ್ನು ನೀವೇ ಒಂದು ಸಾಲು ಬರೆದಿಡಬೇಕು.

ಪ್ರಶ್ನೆ: ಶಾಲೆಗೆ ಬೋರ್ಡುಗಳನ್ನು ಕೊಳ್ಳಬೇಕಾಗಿದೆ, ಯಾವ ಅಳತೆ ಒಳ್ಳೆಯದು? ಅಂಗಡಿಯಲ್ಲಿ ಆಯಸ್ಕಾಂತದ ಸಣ್ಣ ಬೋರ್ಡ್ ಅಗ್ಗಕ್ಕೆ ಸಿಗುತ್ತದೆ. (ಪ್ರಾಥಮಿಕ ಶಾಲಾ ಶಿಕ್ಷಕಿ, ಸಿಂದಗಿ)

ಉತ್ತರ: ಆಯಸ್ಕಾಂತದ ಬೋರ್ಡ್ ಬಸ್ಸಿನ ಪ್ರಯಾಣಕ್ಕೆ ಸರಿ, ತರಗತಿಗೆ ಬೇಡ, ಇಬ್ಬರು ಬಗ್ಗಿ ನೋಡಿದರೆ ಮೂರನೆಯ ಮಗುವಿಗೆ ಏನೂ ಕಾಣುವುದಿಲ್ಲ. ಸುರುಳಿ ಸುತ್ತಿ ಇಡಬಹುದಾದ ರೆಕ್ಸಿನ್ ಬೋರ್ಡ್ ತೆಗೆದುಕೊಳ್ಳಿ. ಪಂದ್ಯಾವಳಿಗಳ ಅಳತೆಯಂತೆ ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್, ಒಂದೊಂದು ಮನೆ 5ರಿಂದ 6 ಸೆಂಟಿಮೀಟರ್ ಇರಲಿ, ಅಂಚಿನಲ್ಲಿ ಅಕ್ಷರ ಮತ್ತು ಅಂಕೆಗಳು ಮುದ್ರಿತವಾಗಿರಲಿ. ಕಡುಕಪ್ಪು ಬಿಳುಪಿನ ಬೋರ್ಡಿಗಿಂತ ಹಸಿರು ಮತ್ತು ಕೆನೆ ಬಣ್ಣದ್ದು ಬಹಳ ಹೊತ್ತು ನೋಡಿದರೂ ಕಣ್ಣಿಗೆ ಹಿತ. ಪ್ಯಾದೆಗಳು ಬೇಗ ಕಳೆಯುತ್ತವೆ, ಆದ್ದರಿಂದ ಪ್ರತಿ ಸೆಟ್ಟಿಗೆ ಬಟ್ಟೆಯ ಚೀಲ ಹೊಲಿಸಿ, ಆಟ ಮುಗಿದ ಮೇಲೆ 32 ಕಾಯಿ ಎಣಿಸಿ ಹಾಕುವ ಕೆಲಸವನ್ನು ಗೆದ್ದವರಿಗೇ ವಹಿಸಿ. ಬೋರ್ಡ್ ಹಾಸುವಾಗ ಇಬ್ಬರ ಬಲಗೈ ಮೂಲೆಗೂ ಬಿಳಿ ಮನೆ ಬಂದಿದೆಯೇ ಎಂದು ಮೊದಲು ನೋಡಿ, ಶಾಲೆಗಳಲ್ಲಿ ಇದು ತಿರುಗಿರುವುದೇ ಹೆಚ್ಚು. ಬಿಳಿ ರಾಣಿ ಬಿಳಿ ಮನೆಯ ಮೇಲೆ, ಕಪ್ಪು ರಾಣಿ ಕಪ್ಪು ಮನೆಯ ಮೇಲೆ.